ಕೀಲ್‌ಗೆ ರೋಲರ್, ಪಕ್ಕಕ್ಕೆ ಬಂಕ್: ಬೋಟ್ ಟ್ರೇಲರ್ ಬಗ್ಗೆ ನನ್ನ ಅನುಭವ

ರೋಲರ್ ಟ್ರೇಲರ್ ಒಳ್ಳೆಯದಾ, ಬಂಕ್ ಟ್ರೇಲರ್ ಒಳ್ಳೆಯದಾ? ರೋಲರ್ ಟ್ರೇಲರ್‌ನಲ್ಲಿ ಬೋಟ್ ತಿರುಗುವ ಉರುಳೆಗಳ ಮೇಲೆ ಕೂರುತ್ತದೆ, ಬಂಕ್ ಟ್ರೇಲರ್‌ನಲ್ಲಿ ಉದ್ದ ಹಲಗೆಗಳ ಮೇಲೆ. ಮಿಶಿಗನ್‌ನ ಯಾವ ರ‍್ಯಾಂಪ್‌ನಲ್ಲಿ ನಿಂತು ಕೇಳಿದರೂ ವಾದ ಶುರುವಾಗುತ್ತದೆ. (ರ‍್ಯಾಂಪ್ ಅಂದರೆ ಬೋಟನ್ನು ನೀರಿಗೆ ಇಳಿಸುವ ಇಳಿಜಾರು.) ರೋಲರ್‌ನವರು ಬಂಕ್ ಅಂದ್ರೆ ಬೋಟಿಗೆ ಅಂಟಿಕೊಂಡ ಹಲಗೆ ಅಂತಾರೆ. ಬಂಕ್‌ನವರು ರೋಲರ್ ಅಂದ್ರೆ ತಳಕ್ಕೆ ಗುದ್ದುವ ಯಂತ್ರ ಅಂತಾರೆ. ನಾನು ಎರಡನ್ನೂ ಒಂದೇ ಟ್ರೇಲರ್ ಮೇಲೆ ಕೂರಿಸಿದ್ದೇನೆ. ಕೀಲ್, ಅಂದರೆ ಬೋಟಿನ ತಳದ ನಡುವೆ ಉದ್ದಕ್ಕೂ ಇರುವ ಏಣು, ರೋಲರ್ ಮೇಲೆ; ಪಕ್ಕಗಳು ಬಂಕ್ ಮೇಲೆ. ಒಂದೆರಡು ಸೀಸನ್ ಕಳೆದಿದೆ. ತಳ ಸೋರಿಲ್ಲ, ಒಂದು ರಿವೆಟ್ ಕೂಡ ಸಡಿಲವಾಗಿಲ್ಲ. ಎಳೆಯೋದು ಟ್ರಕ್ ಅಲ್ಲ, ಮನೆಯ ಮಿನಿವ್ಯಾನ್. ಮೊದಲು 'ಇದು ಆಗೋ ಕೆಲಸ ಅಲ್ಲ' ಅಂದವರಲ್ಲಿ ಇಬ್ಬರು ಮೂವರು ಈಗ ಟೇಪ್ ಹಿಡಿದು ಬಂದು ಅಳತೆ ತಗೊಂಡು ಹೋಗಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನನ್ನ ಸಾಮಾನು ಹೀಗಿದೆ. ಬೋಟ್ 17 ಅಡಿಯ ರಿವೆಟ್ ಹೊಡೆದ ಅಲ್ಯೂಮಿನಿಯಂ, ಆಳವಾದ 'ವಿ' ಆಕಾರದ ತಳ, ಹಿಂದೆ 60 ಎಚ್‌ಪಿ ಮೋಟರ್. ಸೆಕೆಂಡ್ ಹ್ಯಾಂಡ್. ಬೋಟ್, ಮೋಟರ್, ಬ್ಯಾಟರಿಗಳು, ತುಂಬಿದ ಟ್ಯಾಂಕ್ ಎಲ್ಲ ಸೇರಿ ಸುಮಾರು 1,800 ಪೌಂಡ್. ಪೆಟ್ರೋಲೇ ಗ್ಯಾಲನ್ನಿಗೆ 6 ಪೌಂಡ್ ತೂಗುತ್ತದೆ, ಅದನ್ನು ಲೆಕ್ಕಕ್ಕೆ ತಗೊಳ್ಳದವರೇ ಜಾಸ್ತಿ. ಟ್ರೇಲರ್ ಸುಮಾರು 600. ಒಟ್ಟು 2,400 ಆಸುಪಾಸು. ಎಳೆಯುವ ನನ್ನ ಟೊಯೊಟಾ ಸಿಯೆನ್ನಾಗೆ (2021ಕ್ಕಿಂತ ಹಿಂದಿನ ಮಾದರಿ) 3,500 ಪೌಂಡ್ ಎಳೆಯುವ ಅನುಮತಿ ಇದೆ. ಹಾಗಾಗಿ ರಸ್ತೆಯಲ್ಲಿ ತೊಂದರೆಯೇ ಇಲ್ಲ. ತೊಂದರೆ ಇರೋದು ರ‍್ಯಾಂಪ್‌ನಲ್ಲಿ.

ನನ್ನ ಸಿಯೆನ್ನಾದಲ್ಲಿ ಎಂಜಿನ್ನಿನ ಬಲ ಮುಂದಿನ ಚಕ್ರಕ್ಕೆ ಮಾತ್ರ ಹೋಗುತ್ತದೆ. ಟ್ರೇಲರ್ ಭಾರ ಹಿಂದೆ ಕೂತರೆ ಮುಂಭಾಗ ಹಗುರಾಗುತ್ತದೆ. ಅದರ ಮೇಲೆ ಏರು, ಒದ್ದೆ ಕಾಂಕ್ರೀಟು, ನೀರಂಚಿನ ಹಸಿರು ಪಾಚಿ. ಚಕ್ರ ಸುಮ್ನೆ ತಿರುಗುತ್ತಾ ನಿಲ್ಲುತ್ತದೆ. ಆದ್ದರಿಂದ ವ್ಯಾನ್ ಎಷ್ಟು ಕಡಿಮೆ ಇಳಿದರೆ ಅಷ್ಟು ಕ್ಷೇಮ. ಬಂಕ್ ಟ್ರೇಲರ್ ಕೇಳೋದು ಇದರ ಉಲ್ಟಾ. ಬೋಟ್ ತೇಲಬೇಕಾದರೆ ಟ್ರೇಲರ್‌ನ ಮಡ್‌ಗಾರ್ಡ್ ಮುಳುಗುವವರೆಗೆ ಹಿಂದೆ ಹೋಗಬೇಕು. ಚಪ್ಪಟೆ ರ‍್ಯಾಂಪ್ ಆದರೆ ವ್ಯಾನಿನ ಹಿಂದಿನ ಚಕ್ರವೂ ನೀರಲ್ಲಿ.

ಇನ್ನು ನಮ್ಮ ಲೇಕ್ ಈರಿಯ ಸ್ವಭಾವ. ಇಲ್ಲಿ ಬೋಟ್ ಇಳಿಸುವವರಿಗೆಲ್ಲ ಗೊತ್ತು. ಈ ಕೆರೆಯ ಸರಾಸರಿ ಆಳ 62 ಅಡಿ ಅಷ್ಟೇ, ಪಶ್ಚಿಮ ಭಾಗ ಅದಕ್ಕಿಂತ ತುಂಬಾ ಕಡಿಮೆ. ನೈಋತ್ಯದ ಗಾಳಿ ಜೋರಾಗಿ ಬೀಸಿದರೆ ನೀರೆಲ್ಲ ಪೂರ್ವ ತುದಿಯ ಬಫಲೋ ಕಡೆ ತಳ್ಳಿಕೊಂಡು ಹೋಗುತ್ತದೆ. ಅಲ್ಲಿ ಏರುತ್ತದೆ, ಇಲ್ಲಿ ಪಶ್ಚಿಮ ತುದಿಯ ಟೊಲೆಡೋ, ಮನ್ರೋ ಕಡೆ ಇಳಿಯುತ್ತದೆ. 2022ರ ಡಿಸೆಂಬರ್ ಹಿಮಬಿರುಗಾಳಿಯಲ್ಲಿ ಟೊಲೆಡೋ ಹತ್ತಿರ ತಳ ಕಾಣುವಷ್ಟು ನೀರು ಹಿಂದೆ ಸರಿದಿತ್ತು. ಅಷ್ಟು ಯಾವಾಗಲೂ ಆಗಲ್ಲ. ಆದರೆ ಏಪ್ರಿಲ್‌ನಲ್ಲಿ ಒಂದು ಅಡಿ, ಒಂದೂವರೆ ಅಡಿ ಇಳಿಯೋದು ಮಾಮೂಲು. 2019ರಲ್ಲಿ ಕೆರೆ ದಾಖಲೆ ಮಟ್ಟಕ್ಕೆ ಏರಿತ್ತಲ್ಲ, ಆಗ ಬಂಕ್‌ನವರೆಲ್ಲ ಸುಖವಾಗಿದ್ದರು. ಆಮೇಲೆ ನೀರು ಇಳಿಯಿತು. ಅದೇ ರ‍್ಯಾಂಪ್, ಅದೇ ಟ್ರೇಲರ್, ಈಗ ಬೋಟ್ ತೇಲಲ್ಲ.

ಗಾಳಿ ಇರುವ ದಿನ ಮನೆಯಲ್ಲಿರಿ ಅಂತ ಹೇಳಬಹುದು. ಆದರೆ ವಸಂತದಲ್ಲಿ ವಾಲೈ ಮೀನು ಕೆರೆಯಿಂದ ಡೆಟ್ರಾಯ್ಟ್ ನದಿಗೆ ಹತ್ತುವುದೇ ಏಪ್ರಿಲ್, ಮೇನಲ್ಲಿ. ಕೆರೆಯಲ್ಲಿ ಅಲೆ ಎದ್ದ ದಿನ ನದಿಯಲ್ಲಿ ಆರಾಮವಾಗಿ ಜಿಗ್ (ಭಾರ ಕಟ್ಟಿದ ಗಾಳ) ಹಾಕಬಹುದು. ಅಂದರೆ ಯಾವ ದಿನ ನದಿಗೆ ಹೋಗಲೇಬೇಕು ಅನ್ನಿಸುತ್ತದೋ ಅದೇ ದಿನ ರ‍್ಯಾಂಪ್‌ನಲ್ಲಿ ನೀರು ಕಡಿಮೆ. ದಿನಕ್ಕೆ ಒಬ್ಬರಿಗೆ 6 ಮೀನು. ರವೆ ಹಚ್ಚಿ ಹುರಿದರೆ ನಮ್ಮ ಕಾಣೆ ಮೀನನ್ನು ನೆನಪಿಸುವ ಬಿಳಿ, ಮೃದು ಮಾಂಸ. ಅದನ್ನು ಟ್ರೇಲರ್ ಕಾರಣಕ್ಕೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಬೋಟ್ ಜೊತೆ ಬಂದದ್ದು ಬಂಕ್ ಟ್ರೇಲರ್. ಎರಡು ಉದ್ದ ಹಲಗೆ, ಮೇಲೆ ಕಾರ್ಪೆಟ್. ಮೊದಲ ಚಳಿಗಾಲದಲ್ಲಿ ಆ ಕಾರ್ಪೆಟ್ ಕಿತ್ತು ನೋಡಿದೆ. ಹಲಗೆ ಕೂತ ಜಾಗದಲ್ಲಿ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಕೆರೆದರೆ ಸಾಸಿವೆ ಕಾಳಿನಷ್ಟು ಗುಳಿಗಳು. ಹಿಂದಿನ ಮಾಲೀಕರು ಅಂಗಳದ ಡೆಕ್‌ಗೆ ಹಾಕುವ ಔಷಧಿ ಹೊಡೆದ ಹಲಗೆಯನ್ನೇ ಹಾಕಿದ್ದರು. ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಆರ್ಸೆನಿಕ್ ಇರುವ ಔಷಧಿ ನಿಂತಿತು. ಅದರ ಬದಲು ಬಂದದ್ದರಲ್ಲಿ ತಾಮ್ರ ಜಾಸ್ತಿ. ಒದ್ದೆ ಕಾರ್ಪೆಟ್ಟಿನ ಕೆಳಗೆ ತಾಮ್ರ ಮತ್ತು ಅಲ್ಯೂಮಿನಿಯಂ ಸೇರಿದರೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ಉಜ್ಜಿ, ಎಪಾಕ್ಸಿ ಹಚ್ಚಿ, ಬಣ್ಣ ಹೊಡೆಯಲು ಸುಮಾರು 150 ಡಾಲರ್ ಹೋಯಿತು. ನಿಮ್ಮದು ಅಲ್ಯೂಮಿನಿಯಂ ಬೋಟ್ ಆಗಿದ್ದರೆ ಈ ಬರಹ ಪೂರ್ತಿ ಓದದಿದ್ದರೂ ಪರವಾಗಿಲ್ಲ, ಈ ವಾರಾಂತ್ಯ ಕಾರ್ಪೆಟ್ ಒಂದು ಮೂಲೆ ಎತ್ತಿ ನೋಡಿ.

ಕಾರ್ಪೆಟ್ ಮೇಲೆ ನನಗೆ ಇನ್ನೊಂದು ಸಿಟ್ಟೂ ಇದೆ. ಅದು ಒಣಗಲ್ಲ. ಜೀಬ್ರಾ ಮಸ್ಸಲ್ ಎಂಬ ಚಿಪ್ಪಿನ ಜೀವಿ 1988ರಲ್ಲಿ ಪತ್ತೆಯಾದದ್ದು ನಮ್ಮ ಪಕ್ಕದ ಲೇಕ್ ಸೇಂಟ್ ಕ್ಲೇರ್‌ನಲ್ಲೇ. ಈಗ ಎಲ್ಲಾ ಕಡೆ ಇದೆ. 2019ರ ಮಾರ್ಚ್‌ನಿಂದ ಮಿಶಿಗನ್‌ನಲ್ಲಿ ಬೋಟ್ ರಸ್ತೆಗೆ ತರುವ ಮೊದಲು ಡ್ರೈನ್ ಪ್ಲಗ್ ತೆಗೆದು ನೀರೆಲ್ಲ ಖಾಲಿ ಮಾಡಬೇಕು ಎಂಬ ಕಾನೂನಿದೆ. ನಾವು ಲೈವ್‌ವೆಲ್ (ಮೀನು ಜೀವಂತ ಇಡುವ ತೊಟ್ಟಿ) ಖಾಲಿ ಮಾಡುತ್ತೇವೆ, ಬಿಲ್ಜ್ (ಬೋಟಿನ ತಳದಲ್ಲಿ ನೀರು ನಿಲ್ಲುವ ಜಾಗ) ಖಾಲಿ ಮಾಡುತ್ತೇವೆ. ಆಮೇಲೆ ಒದ್ದೆ ಕಾರ್ಪೆಟ್‌ನಲ್ಲಿ ಪಾಚಿ, ನೀರು ಹೊತ್ತುಕೊಂಡು ಇನ್ನೊಂದು ಕೆರೆಗೆ ಹೋಗುತ್ತೇವೆ. ಇದು ಸರಿಯಲ್ಲ.

ಮೊದಲು ಅಗ್ಗದ ದಾರಿಗಳನ್ನೆಲ್ಲ ನೋಡಿದೆ. ಕಾರ್ಪೆಟ್‌ಗೆ ಸಿಲಿಕೋನ್ ಸ್ಪ್ರೇ ಹೊಡೆದೆ, ಒಂದು ಡಬ್ಬಿಗೆ 15 ಡಾಲರ್ ಹತ್ತಿರ. ಮೊದಲ ಎರಡು ಸಲ ಬೋಟ್ ಬೆಣ್ಣೆ ಸವರಿದ ಹಾಗೆ ಜಾರಿತು. ಆಮೇಲೆ ತೊಳೆದು ಹೋಯಿತು. ಸೀಸನ್ ಪೂರ್ತಿ ಹೊಡೆಯುತ್ತಾ ಹೋದರೆ ಡಬ್ಬಿ ಲೆಕ್ಕದಲ್ಲೇ ನೂರು ಡಾಲರ್ ದಾಟುತ್ತದೆ.

ಆಮೇಲೆ ಬೇಲಿಗೆ ಹಾಕುವ ಬಿಳಿ ವಿನೈಲ್ ಕಂಬ. ಅದನ್ನು ಉದ್ದಕ್ಕೆ ಸೀಳಿ ಹಲಗೆ ಮೇಲೆ ತೊಡಿಸುವುದು. ಇದನ್ನು ತುಂಬಾ ಜನ ಮಾಡುತ್ತಾರೆ, 40 ಡಾಲರ್ ಒಳಗೆ ಮುಗಿಯುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಾರ್ಚ್ ಕೊನೆಯ ಚಳಿಯಲ್ಲಿ ವಿನೈಲ್ ಬಿರುಕು ಬಿಟ್ಟು ಅಂಚು ಚಾಕುವಿನ ಹಾಗೆ ಎದ್ದಿತು. ಫ್ಲಾರಿಡಾದಲ್ಲಿ ನಡೆಯಬಹುದು. ಮಿಶಿಗನ್‌ಗೆ ಬೇಡ.

ಹಿಚ್‌ಗೆ, ಅಂದರೆ ವ್ಯಾನಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿಗೆ, ಉದ್ದದ ತುಂಡು ಸೇರಿಸಿ, ವ್ಯಾನ್ ಮೇಲೆ ಉಳಿದು ಟ್ರೇಲರ್ ಮಾತ್ರ ಕೆಳಗೆ ಹೋಗುವ ಹಾಗೆ ಮಾಡುವ ಉಪಾಯವೂ ಉಂಟು. ಅದನ್ನೂ ತಂದೆ. ಹಿಚ್ ಹಿಂದಕ್ಕೆ ಹೋದಷ್ಟೂ ವ್ಯಾನಿನ ಹಿಂಭಾಗ ಜಗ್ಗಿತು, ಮುಂದಿನ ಚಕ್ರ ಇನ್ನೂ ಹಗುರಾಯಿತು. ನನಗೆ ಬೇಕಾದ್ದರ ಪೂರ್ತಿ ಉಲ್ಟಾ. ಅರ್ಧ ಬೆಲೆಗೆ ಮಾರಿದೆ.

ಪೂರ್ತಿ ರೋಲರ್ ಟ್ರೇಲರ್ ಯಾಕೆ ಕೊಳ್ಳಲಿಲ್ಲ ಅಂತ ಕೇಳಬಹುದು. ಈ ಕಡೆ ರೋಲರ್ ಟ್ರೇಲರ್ ಹೊಸದಲ್ಲ, ಅಯೋವಾದ ಐಡಾ ಗ್ರೋವ್‌ನಲ್ಲಿ ತಯಾರಾಗುವ ಶೋರ್‌ಲ್ಯಾಂಡರ್‌ಗಳು ಎಲ್ಲಾ ರ‍್ಯಾಂಪ್‌ನಲ್ಲೂ ಕಾಣುತ್ತವೆ. ಗೆಳೆಯರೊಬ್ಬರ ಟ್ರೇಲರ್ ತಂದು ನನ್ನ ಬೋಟನ್ನೇ ಕೂರಿಸಿ ಕೆಲವು ವಾರ ಓಡಿಸಿದೆ. ಇಳಿಸುವುದು ಅಂದರೆ ಅದೇ. ಒಂದು ತಳ್ಳು, ಬೋಟ್ ನೀರಲ್ಲಿ. ಹತ್ತಿಸುವುದೂ ಸುಲಭ. ಆದರೆ ಪಕ್ಕದಿಂದ ಗಾಳಿ ಬಂದಾಗ ಬೋಟಿನ ಹಿಂಭಾಗ ಓಲಾಡಿ ಓರೆಯಾಗಿ ಕೂರುತ್ತಿತ್ತು. ಇಳಿಸಿ ಮತ್ತೆ ಹತ್ತಿಸಬೇಕು. ದೊಡ್ಡ ಚಿಂತೆ ತಳದ್ದು. ಐ-75 ಹೆದ್ದಾರಿಯ ಗುಂಡಿಗಳ ಮೇಲೆ ನಲವತ್ತು ಮೈಲಿ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿದರೆ, ಒಳಗಿನ ಎರಡು ಪಕ್ಕೆಲುಬುಗಳ ನಡುವೆ ಕೂತ ರೋಲರ್‌ಗಳು ತಗಡನ್ನು ಸ್ವಲ್ಪ ಒಳಗೆ ಒತ್ತಿದ್ದವು. ಬೆರಳಿಟ್ಟರೆ ಗೊತ್ತಾಗುತ್ತಿತ್ತು. ರಿವೆಟ್ ಬೋಟಿಗೆ ಇದು ಬೇಡ. ಹೊಸ ರೋಲರ್ ಟ್ರೇಲರ್ ಬೆಲೆಯೂ 3,500 ಡಾಲರ್ ಹತ್ತಿರ ಹೇಳಿದರು. ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಣ್ಣ ರೋಲರ್. ಪ್ರತಿಯೊಂದಕ್ಕೂ ಒಂದು ಕಂಬಿ, ಒಂದು ಕ್ಯಾಪ್. ನಮ್ಮದು ಸಿಹಿನೀರು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಚಳಿಗಾಲದಲ್ಲಿ ರಸ್ತೆಗೆ ಸುರಿದ ಉಪ್ಪು ಏಪ್ರಿಲ್‌ವರೆಗೂ ಕಂಬಿಗಳನ್ನು ತಿನ್ನುತ್ತದೆ.

ಉಪಾಯ ಹೊಳೆದದ್ದು ಊರಿನ ಕಡೆಯಿಂದ. ನಾನು ಕುಂದಾಪುರದ ಕಡೆಯವನು. ಮರವಂತೆ, ಗಂಗೊಳ್ಳಿ ಕಡೆ ನಾಡದೋಣಿಯನ್ನು ಮರಳಿನ ಮೇಲೆ ಎಳೆಯೋದನ್ನು ನೋಡುತ್ತಲೇ ಬೆಳೆದವನು. ದೋಣಿಯ ಕೆಳಗೆ ಮರದ ತುಂಡು ಇಡುತ್ತಾರೆ. ಭಾರ ಎಲ್ಲ ನಡುವಿನ ಏರಿನ ಮೇಲೆ, ಆ ಮರದ ಮೇಲೆ. ಎರಡೂ ಪಕ್ಕ ನಿಂತವರು ದೋಣಿಯನ್ನು ಎತ್ತುವುದಿಲ್ಲ, ವಾಲದ ಹಾಗೆ ಹಿಡಿದಿರುತ್ತಾರೆ, ಮುಂದಕ್ಕೆ ನೂಕುತ್ತಾರೆ. ಟ್ರೇಲರ್‌ನಲ್ಲೂ ಅಷ್ಟೇ ತಾನೇ ಬೇಕಾಗಿರುವುದು? ಬೋಟಿನ ತಳದಲ್ಲಿ ಅತಿ ಗಟ್ಟಿ ಜಾಗ ಕೀಲ್. ಭಾರ ಅದರ ಮೇಲಿರಲಿ, ಅದರ ಕೆಳಗೆ ರೋಲರ್ ಇರಲಿ. ಪಕ್ಕದ ಹಲಗೆಗಳು ಹಿಡಿದುಕೊಂಡರೆ ಸಾಕು. ಆಸ್ಟ್ರೇಲಿಯಾದ ಅಲ್ಯೂಮಿನಿಯಂ ಬೋಟುಗಳ ಟ್ರೇಲರ್ ನೋಡಿ, ನಡುವೆ ರೋಲರ್ ಸಾಲು, ಪಕ್ಕದಲ್ಲಿ ಜಾರುಪಟ್ಟಿ. ಅಲ್ಲಿ ಇದು ಮಾಮೂಲು. ಇಲ್ಲಿ ಮಾತ್ರ ಎರಡು ಪಂಗಡ.

ಹೇಳಿದಾಗ ಯಾರೂ ಒಪ್ಪಲಿಲ್ಲ. ಇಲ್ಲಿನ ಕನ್ನಡಿಗರ ಪಂಪ ಕನ್ನಡ ಕೂಟದಲ್ಲಿ ಪರಿಚಯವಾದ ಉಡುಪಿ ಕಡೆಯ ಗೆಳೆಯ, ಬೋಟಿನ ವಿಷಯದಲ್ಲಿ ನನಗಿಂತ ಹಳಬ. "ಎಂತ ಮಾರಾಯ, ಎರಡೂ ಹಾಕಿ ಎರಡೂ ಹಾಳು ಮಾಡ್ತೀಯಲ್ಲ, ರಿವೆಟ್ ಎಲ್ಲ ಲೂಸ್ ಆಗ್ತದೆ ನೋಡು" ಅಂದ. ಪಕ್ಕದ ಮನೆಯ ಹಿರಿಯರು ಮೂವತ್ತು ವರ್ಷದಿಂದ ಬಂಕ್‌ನವರು. ಅವರು ಏನೂ ಹೇಳದೆ ತಲೆ ಅಲ್ಲಾಡಿಸಿದರು. ಟ್ರೇಲರ್ ರಿಪೇರಿ ಮಾಡುವ ಒಂದು ಅಂಗಡಿಯವರು ಕೆಲಸವನ್ನೇ ತಗೊಳ್ಳಲಿಲ್ಲ. ಒಳ್ಳೆಯದೇ ಆಯಿತು, ಅವರ ಕೂಲಿ ಉಳಿಯಿತು.

ಈಗ ಮಾಡಿದ ಕೆಲಸ. ಬೋಟನ್ನು ಟ್ರೇಲರ್‌ನಿಂದ ಎತ್ತಲು ಕ್ರೇನ್ ಬೇಡ. ಟ್ರೇಲರ್ ಮೂತಿಯ ಜಾಕ್ ಪೂರ್ತಿ ಇಳಿಸಿ. ಆಗ ಹಿಂಭಾಗ ಮೇಲೇಳುತ್ತದೆ. ಟ್ರಾನ್ಸಮ್, ಅಂದರೆ ಮೋಟರ್ ಕೂರುವ ಬೋಟಿನ ಹಿಂಗೋಡೆ, ಅದರ ಕೆಳಗೆ ಗಟ್ಟಿ ಮರದ ದಿಮ್ಮಿ ಜೋಡಿಸಿ. ಆಮೇಲೆ ಜಾಕ್ ಏರಿಸಿ. ಟ್ರೇಲರ್‌ನ ಹಿಂಭಾಗ ಕೆಳಗಿಳಿಯುತ್ತದೆ, ಬೋಟ್ ದಿಮ್ಮಿ ಮೇಲೆ ಉಳಿಯುತ್ತದೆ. ಕೈ ಹಾಕುವಷ್ಟು ಜಾಗ ಸಿಗುತ್ತದೆ. ಚಕ್ರಕ್ಕೆ ಅಡೆ ಕೊಡುವುದು, ಬೋಟಿನ ಕೆಳಗೆ ಮೈ ತೂರಿಸದೆ ಇರುವುದು ನಿಮಗೆ ಹೇಳಬೇಕಿಲ್ಲ.

ಮೂಲ ಟ್ರೇಲರ್‌ಗೆ ಮೂರು ಅಡ್ಡಪಟ್ಟಿ ಇದ್ದವು. ಇನ್ನೆರಡು ಗ್ಯಾಲ್ವನೈಸ್ ಪಟ್ಟಿ ಸೇರಿಸಿದೆ. ಐದರ ಮೇಲೂ ನಡುವೆ ಒಂದೊಂದು ಕೀಲ್ ರೋಲರ್. ಎಲ್ಲಕ್ಕಿಂತ ಹಿಂದಿನದು 12 ಇಂಚು ಅಗಲ, ಬೋಟ್ ಸ್ವಲ್ಪ ಓರೆಯಾಗಿ ಬಂದರೂ ಕೀಲನ್ನು ಹಿಡಿದು ನಡುವಿಗೆ ತರಲಿ ಅಂತ. ಉಳಿದವು 8 ಇಂಚು. ಹಿಂದಿನ ರೋಲರ್ ಸರಿಯಾಗಿ ಟ್ರಾನ್ಸಮ್ ಕೆಳಗೇ ಬರಬೇಕು. ಮೋಟರಿನ ಭಾರ ನೇತಾಡುವುದು ಅಲ್ಲೇ. ಅರ್ಧ ಅಡಿ ಮುಂದೆ ಹಾಕಿದರೂ ತಳ ಕಾಲಕ್ರಮೇಣ ಬಾಗುತ್ತದೆ. ತಳ ಬಾಗಿದ ಬೋಟ್ ಮೂತಿ ತಗ್ಗಿಸಿ ಓಡುತ್ತದೆ, ಎಷ್ಟು ಮೋಟರ್ ಹಾಕಿದರೂ ವೇಗ ಬರಲ್ಲ.

ಎತ್ತರ ಹೊಂದಿಸುವುದಕ್ಕೆ ನನಗೆ ಜಾಸ್ತಿ ಸಮಯ ಹೋಯಿತು. ಹಿಂದಿನ ರೋಲರ್‌ನಿಂದ ಕೀಲ್ ನೇರ ಇರುವವರೆಗಿನ ರೋಲರ್‌ಗೆ ಗಾರೆಯವರ ದಾರ ಬಿಗಿದು ಕಟ್ಟಿ. ನಡುವಿನ ರೋಲರ್‌ಗಳು ದಾರಕ್ಕೆ ಮುಟ್ಟಬೇಕು, ಎತ್ತಬಾರದು. ಒಂದು ಎತ್ತರವಾದರೂ ಭಾರ ಎಲ್ಲ ಅದರ ಮೇಲೆ. ಮುಂದಿನ ಎರಡು ಕೀಲಿನ ಏರಿಗೆ ತಕ್ಕ ಹಾಗೆ ಮೇಲೆ ಹೋಗುತ್ತವೆ. ಬೋಟ್ ಕೂರಿಸಿದ ಮೇಲೆ ಪ್ರತಿ ರೋಲರ್ ಕೈಯಲ್ಲಿ ತಿರುಗಿಸಿ ನೋಡಿ. ಯಾವುದು ಸುಲಭವಾಗಿ ತಿರುಗುತ್ತದೋ ಅದು ಕೆಲಸ ಮಾಡುತ್ತಿಲ್ಲ.

ರೋಲರ್ ವಿಷಯದಲ್ಲಿ ದುಡ್ಡು ಒಮ್ಮೆ ದಂಡವಾಯಿತು. ಮೊದಲು ತರಿಸಿದ್ದು ಕಪ್ಪು ರಬ್ಬರಿನವು, ಒಂದಕ್ಕೆ 7-8 ಡಾಲರ್. ಬೋಟಿನ ಕೀಲ್ ಪೂರ್ತಿ ಕಪ್ಪು ಗೆರೆ. ಆಗಸ್ಟ್ ಹೊತ್ತಿಗೆ ಬಿಸಿಲಿಗೆ ಸೀಳಿದವು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಆಮೇಲೆ ಹಳದಿ ಬಣ್ಣದ ಪಾಲಿಯುರೆಥೇನ್ ರೋಲರ್ ಹಾಕಿದೆ, ಒಂದಕ್ಕೆ 20 ಡಾಲರ್ ಸುಮಾರು, ಹಿಂದಿನ ಅಗಲದ್ದಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಕಲೆ ಇಲ್ಲ, ಸೀಳಿಲ್ಲ. ಕೀಲ್ ಕೂತ ಜಾಗದಲ್ಲಿ ಒಂದು ಸಣ್ಣ ಗೆರೆ ಬಿದ್ದಿದೆ ಅಷ್ಟೇ. ರೋಲರ್ ಕಂಬಿಗೆ ಎಲ್ಲರೂ ಗ್ರೀಸ್ ಹಚ್ಚುತ್ತಾರೆ. ನಾನು ಗ್ರೀಸ್ ಹಾಕಲ್ಲ. ಏನು ಹಾಕುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಕಂಡುಕೊಳ್ಳಲು ನನಗೆ ತುಂಬಾ ಕಾಲ ಹಿಡಿಯಿತು. ಟ್ರೆಂಟನ್ ಕಡೆ ರ‍್ಯಾಂಪ್‌ನಲ್ಲಿ ಸಿಕ್ಕರೆ ತೋರಿಸುತ್ತೇನೆ.

ಪಕ್ಕದ ಬಂಕ್‌ಗೆ ಔಷಧಿ ಹೊಡೆಯದ ಮರ ತಗೊಂಡೆ. ಸುತ್ತ ಎರಡು ಕೋಟ್ ಬಣ್ಣ. ಮೇಲೆ ಕಾರ್ಪೆಟ್ ಬದಲು ಅರ್ಧ ಇಂಚು ದಪ್ಪದ ಎಚ್‌ಡಿಪಿಇ ಪ್ಲಾಸ್ಟಿಕ್ ಪಟ್ಟಿ, ಅಡುಗೆಮನೆಯ ಬಿಳಿ ಕತ್ತರಿಸುವ ಹಲಗೆ ಮಾಡುವ ಅದೇ ಪ್ಲಾಸ್ಟಿಕ್. ಇದು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಸ್ಕ್ರೂಗೆ ದುಂಡು ತೂತು ಹಾಕಿದ ಮೊದಲ ಪಟ್ಟಿ ಜುಲೈನಲ್ಲಿ ಅಲೆಯ ಹಾಗೆ ಎದ್ದು, ಒಂದು ಸ್ಕ್ರೂ ತಲೆ ಮೇಲೆ ಬಂದು ತಳಕ್ಕೆ ಗೀರು ಹಾಕಿತು. ಈಗ ಒಂದು ತುದಿಗೆ ಮಾತ್ರ ದುಂಡು ತೂತು, ಉಳಿದದ್ದೆಲ್ಲ ಉದ್ದ ತೂತು. ಸ್ಕ್ರೂ ತಲೆ ಕಾಲು ಇಂಚು ಒಳಗೆ. ಎರಡನೇ ಬೇಸಿಗೆಗೂ ಚಪ್ಪಟೆಯಾಗಿಯೇ ಇದೆ.

ಬಂಕ್ ಎಲ್ಲಿ ಮುಟ್ಟಬೇಕು? ತಳದ ಉದ್ದಕ್ಕೂ ಒತ್ತಿದ ಏಣುಗಳಿರುತ್ತವಲ್ಲ, ಅದರ ಪಕ್ಕದಲ್ಲೇ, ಗಟ್ಟಿ ಜಾಗದಲ್ಲಿ. ಎಷ್ಟು ಒತ್ತಬೇಕು? ಮೊದಲು ಬಂಕ್‌ಗಳನ್ನು ಕೆಳಗಿಳಿಸಿ ಬೋಟ್ ಪೂರ್ತಿ ರೋಲರ್ ಮೇಲೆ ಕೂರಲಿ. ಇಬ್ಬರು ಎರಡೂ ಪಕ್ಕ ಹಿಡಿದುಕೊಳ್ಳಿ. ಆಮೇಲೆ ಬಂಕ್ ಏರಿಸುತ್ತಾ ಬನ್ನಿ. ಮುಟ್ಟಿದ ಮೇಲೆ ಇನ್ನೂ ಸ್ವಲ್ಪ. ನನ್ನ ಅಂದಾಜು, ಭಾರದಲ್ಲಿ ಮೂರರಲ್ಲಿ ಎರಡು ಪಾಲು ರೋಲರ್ ಮೇಲೆ, ಒಂದು ಪಾಲು ಬಂಕ್ ಮೇಲೆ. ಗುಂಡಿ ಹಾರಿದಾಗ ಬೀಳುವ ಪೆಟ್ಟನ್ನು ಉದ್ದ ಬಂಕ್ ಹಂಚಿಕೊಳ್ಳುತ್ತದೆ. ರಿವೆಟ್ ಉಳಿದಿರುವುದು ಅದರಿಂದಲೇ. ಬಂಕಿನ ಹಿಂದಿನ ತುದಿಯನ್ನು ನಾನು ಒಂದು ಕೋನಕ್ಕೆ ಇಳಿಸಿದ್ದೇನೆ, ಬೋಟ್ ಮೊದಲು ಮುಟ್ಟುವ ಜಾಗದಲ್ಲಿ. ಆ ಕೋನ ನನ್ನ ಬೋಟಿನ ತಳಕ್ಕೆ ಹೊಂದುವಂಥದ್ದು. ನಿಮ್ಮದಕ್ಕೆ ನೀವೇ ಹುಡುಕಬೇಕು.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಒಳ್ಳೆಯ ರೋಲರ್, ಬ್ರಾಕೆಟ್, ಕಂಬಿ ಸೇರಿ 190. ಎರಡು ಅಡ್ಡಪಟ್ಟಿ ಮತ್ತು ಯು-ಬೋಲ್ಟ್‌ಗೆ 90. ಪ್ಲಾಸ್ಟಿಕ್ ಪಟ್ಟಿಗೆ 70. ಮರ, ಬಣ್ಣ 35. ಬೋಟನ್ನು ಟ್ರೇಲರ್ ಮೇಲೆ ಎಳೆಯಲು ಎರಡು ವೇಗ ಇರುವ ಒಂದು ವಿಂಚ್, ಎರಡಿಂಚು ಅಗಲದ ಪಟ್ಟಿ ಸೇರಿ 90. ಒಟ್ಟು 475 ಆಯಿತು ಅಂತಿಟ್ಟುಕೊಳ್ಳಿ. ದಂಡವಾದ ಕಪ್ಪು ರೋಲರ್, ಸ್ಪ್ರೇ, ವಿನೈಲ್, ಹಿಚ್ ತುಂಡು ಎಲ್ಲ ಸೇರಿಸಿದರೂ 650 ದಾಟಲ್ಲ. ಹೊಸ ರೋಲರ್ ಟ್ರೇಲರ್‌ಗೆ ಹೇಳಿದ್ದು 3,500. ಟ್ರಕ್ ತಗೋ ಅಂದವರ ಮಾತು ಕೇಳಿದ್ದರೆ ಲೆಕ್ಕ ಎಲ್ಲಿಗೋ ಹೋಗುತ್ತಿತ್ತು.

ಮಧ್ಯೆ ಇನ್ನೊಂದು ಪ್ರಯೋಗ. ಬೋಟ್ ಎಲ್ಲಿ ಕೂತಿದೆ ಅನ್ನೋದು ಹಿಚ್ ಮೇಲಿನ ಭಾರಕ್ಕೆ ಸಂಬಂಧಪಟ್ಟದ್ದು. ಸ್ನಾನದ ಕೋಣೆಯ ತೂಕದ ಯಂತ್ರ ತಂದು, ಮೇಲೆ ಮರದ ತುಂಡಿಟ್ಟು, ಹಿಚ್‌ನ ಎತ್ತರಕ್ಕೆ ಟ್ರೇಲರ್ ಮೂತಿ ಇಳಿಸಿದೆ. 120 ಪೌಂಡ್ ಹತ್ತಿರ ತೋರಿಸಿತು. ಒಟ್ಟು ಭಾರದ ನೂರಕ್ಕೆ 5. ಅದಕ್ಕೇ ವೇಗ ಗಂಟೆಗೆ 60 ಮೈಲಿ ದಾಟಿದರೆ ಹಿಂದೆ ಟ್ರೇಲರ್ ಬಾಲ ಆಡಿಸುತ್ತಿತ್ತು. ವಿಂಚ್ ಕಂಬವನ್ನು ನಾಲ್ಕು ಇಂಚಿನಷ್ಟು ಮುಂದೆ ಸರಿಸಿದೆ, ಟ್ರೋಲಿಂಗ್ (ನಿಧಾನ ಓಡಿಸುವ ಸಣ್ಣ) ಮೋಟರಿನ ಬ್ಯಾಟರಿ ಮುಂದಕ್ಕೆ ಇಟ್ಟೆ. ಈಗ 190 ಆಸುಪಾಸು, ನೂರಕ್ಕೆ 8. ರೈಲಿನ ಹಾಗೆ ನೇರ ಬರುತ್ತದೆ. ಬೋಟ್ ಮುಂದೆ ಸರಿದಿದ್ದರಿಂದ ಹಿಂದಿನ ರೋಲರ್ ಮತ್ತೆ ಟ್ರಾನ್ಸಮ್ ಕೆಳಗೆ ಹೊಂದಿಸಬೇಕಾಯಿತು. ನೀವು ಮಾಡುವುದಾದರೆ ಈ ತೂಕ ಮೊದಲು ನೋಡಿ, ಆಮೇಲೆ ರೋಲರ್ ಹಾಕಿ.

ರ‍್ಯಾಂಪ್‌ನಲ್ಲಿ ವ್ಯತ್ಯಾಸ ಹೇಗಿದೆ? ಮೊದಲಿಗಿಂತ ಐದಾರು ಅಡಿ ಕಡಿಮೆ ಇಳಿಯುತ್ತೇನೆ. ವ್ಯಾನಿನ ಹಿಂದಿನ ಚಕ್ರ ಒಣಗಿರುತ್ತದೆ. ಮುಂದಿನ ಚಕ್ರ ಪಾಚಿ ಮುಟ್ಟುವುದೇ ಇಲ್ಲ. ಹತ್ತಿಸುವಾಗ ಹಿಂದಿನ ಎರಡು ರೋಲರ್ ನೀರಲ್ಲಿದ್ದರೆ ಸಾಕು. ಬೋಟಿನ ಮೂತಿ ಅಗಲದ ರೋಲರ್ ಮೇಲೆ ಕೂತಿತೋ, ಪಟ್ಟಿ ಸಿಕ್ಕಿಸಿ ವಿಂಚ್ ತಿರುಗಿಸುವುದು. ನನ್ನ ಹೆಂಡತಿ ಒಬ್ಬಳೇ ಹತ್ತಿಸುತ್ತಾಳೆ, ನಾನು ಹಗ್ಗ ಹಿಡಿದು ನಿಂತಿರುತ್ತೇನೆ. ಮೋಟರ್ ಓಡಿಸಿ ಬೋಟನ್ನು ಬಂಕ್ ಮೇಲೆ ನುಗ್ಗಿಸುವ ಅಭ್ಯಾಸ ಬೇಕಾಗಿಲ್ಲ. ಅದನ್ನು ಮಾಡಬೇಡಿ ಅಂತ ರ‍್ಯಾಂಪ್‌ಗಳಲ್ಲಿ ಬೋರ್ಡ್ ಹಾಕಿರುವುದು ಸುಮ್ನೆ ಅಲ್ಲ. ಪ್ರೊಪೆಲ್ಲರ್ ನೀರು ಕಾಂಕ್ರೀಟಿನ ತುದಿಯ ಆಚೆ ಗುಂಡಿ ತೋಡುತ್ತದೆ, ಆ ಮಣ್ಣು ಇನ್ನೂ ಆಚೆ ದಿಬ್ಬವಾಗುತ್ತದೆ. ನೀರು ಇಳಿದ ದಿನ ಬಂಕ್‌ನವರು ಇನ್ನೂ ಹಿಂದೆ ಹೋಗುತ್ತಾರೆ, ಟ್ರೇಲರ್ ಚಕ್ರ ಆ ಗುಂಡಿಗೆ ಬೀಳುತ್ತದೆ. ಆಕ್ಸಲ್ ಕಿತ್ತುಕೊಂಡು ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ.

ಟ್ರೇಲರ್ ಚಕ್ರದ ನಡುವಿನ ಹಬ್‌ಗೂ ಲಾಭ ಉಂಟು. ನಲವತ್ತು ಮೈಲಿ ಓಡಿ ಬಿಸಿಯಾದ ಹಬ್ಬನ್ನು ಏಪ್ರಿಲ್‌ನ ತಣ್ಣೀರಿಗೆ ಅದ್ದಿದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬೇರಿಂಗ್ ಹಾಳಾಗುವುದು ಹಾಗೆ. ಈಗ ನನ್ನ ಹಬ್ ಅರ್ಧ ಮಾತ್ರ ಮುಳುಗುತ್ತದೆ, ಕಡಿದಾದ ರ‍್ಯಾಂಪ್ ಆದರೆ ಅದೂ ಇಲ್ಲ. ಈ ವಸಂತದಲ್ಲಿ ಬಿಚ್ಚಿ ನೋಡಿದಾಗ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಬಂಕ್ ಕಾಲದಲ್ಲಿ ಪ್ರತಿ ವರ್ಷ ತಿರುಗುತ್ತಿತ್ತು.

ಸಂದೇಹ ಪಟ್ಟ ಉಡುಪಿಯ ಗೆಳೆಯನನ್ನು ಒಂದು ದಿನ ಮನ್ರೋದ ಸ್ಟರ್ಲಿಂಗ್ ಸ್ಟೇಟ್ ಪಾರ್ಕಿಗೆ ಕರೆದುಕೊಂಡು ಹೋದೆ. ಲೇಕ್ ಈರಿ ದಡದಲ್ಲಿ ಮಿಶಿಗನ್‌ನ ಒಂದೇ ಸ್ಟೇಟ್ ಪಾರ್ಕ್ ಅದು. ಹಿಂದಿನ ರಾತ್ರಿಯಿಂದ ನೈಋತ್ಯ ಗಾಳಿ. ನೀರು ಇಳಿದಿತ್ತು. ನಮ್ಮ ಮುಂದೆ ಒಬ್ಬರು ದೊಡ್ಡ ಟ್ರಕ್ ಇಳಿಸಿ, ಬೋಟ್ ತೇಲದೆ, ಮತ್ತೆ ಮತ್ತೆ ಹಿಂದೆ ಮುಂದೆ ಮಾಡುತ್ತಿದ್ದರು. ನಮ್ಮ ಸರದಿ ಬಂತು. ಇಳಿಸಿ, ಸಂಜೆ ಹತ್ತಿಸಿ, ವ್ಯಾನ್ ಮೇಲೆ ತಂದೆ. ಗೆಳೆಯ ಬೋಟಿನ ಕೆಳಗೆ ಬಗ್ಗಿ ರಿವೆಟ್ ಸಾಲು ಪೂರ್ತಿ ಬೆರಳಾಡಿಸಿ ನೋಡಿದ. "ನನ್ನದಕ್ಕೂ ಮಾಡುವ ಮಾರಾಯ, ಯಾವಾಗ ಬಿಡುವು?" ಅಂದ. ಅವನ 16 ಅಡಿಯದ್ದಕ್ಕೆ ನಾಲ್ಕೇ ರೋಲರ್‌ನಲ್ಲಿ ಮುಗಿಸಿದೆವು.

ಎಚ್ಚರ ಬೇಕಾದ ಕಡೆಗಳೂ ಇವೆ. ಈ ಟ್ರೇಲರ್ ಮೇಲೆ ಬೋಟ್ ನಿಜವಾಗಿಯೂ ಜಾರುತ್ತದೆ. ಬಂಕ್ ಕಾರ್ಪೆಟ್ಟಿನವರು ಪಾರ್ಕಿಂಗ್‌ನಲ್ಲೇ ವಿಂಚ್ ಪಟ್ಟಿ ಬಿಚ್ಚಿ ಆಮೇಲೆ ಹಿಂದೆ ಹೋಗುತ್ತಾರೆ. ಇದರಲ್ಲಿ ಹಾಗೆ ಮಾಡಿದರೆ ಬೋಟ್ ಕಾಂಕ್ರೀಟಿನ ಮೇಲೆ ಬೀಳುತ್ತದೆ. ಹಿಂಭಾಗ ನೀರಿಗೆ ಮುಟ್ಟುವವರೆಗೆ ಪಟ್ಟಿ ಮತ್ತು ಸುರಕ್ಷಾ ಸರಪಳಿ ಎರಡೂ ಇರಲಿ. ರಸ್ತೆಯಲ್ಲಿ ಟ್ರಾನ್ಸಮ್‌ನ ಎರಡೂ ಪಕ್ಕ ಬಿಗಿಯುವ ಪಟ್ಟಿ ಹಾಕಲೇಬೇಕು, ಕಾರ್ಪೆಟ್ಟಿನ ಹಿಡಿತ ಇಲ್ಲಿ ಇಲ್ಲ. ಯು-ಬೋಲ್ಟ್‌ಗಳನ್ನು ಮೊದಲ ನೂರು ಮೈಲಿ ಆದ ಮೇಲೆ ಮತ್ತೆ ಬಿಗಿಯಿರಿ, ಅಡ್ಡಪಟ್ಟಿಗಳು ಕೂತುಕೊಂಡು ಸ್ವಲ್ಪ ಸಡಿಲವಾಗಿರುತ್ತವೆ. ಚಳಿಗಾಲ ಪೂರ್ತಿ ಬೋಟ್ ನಿಲ್ಲಿಸುವಾಗ ನಾನು ಟ್ರಾನ್ಸಮ್ ಕೆಳಗೆ ದಿಮ್ಮಿ ಕೊಟ್ಟು ರೋಲರ್ ಮೇಲಿನ ಭಾರ ಇಳಿಸುತ್ತೇನೆ. ಐದು ತಿಂಗಳು ಒಂದೇ ಜಾಗದಲ್ಲಿ ಒತ್ತಿದರೆ ಎಂಥ ರೋಲರ್ ಆದರೂ ಚಪ್ಪಟೆಯಾಗುತ್ತದೆ.

ಫೈಬರ್‌ಗ್ಲಾಸ್ ಬೋಟ್‌ನವರು ನನ್ನನ್ನು ಕೇಳಬೇಡಿ. ಅದರಲ್ಲೂ 20 ಅಡಿ ದಾಟಿದ ಬಾಸ್ ಬೋಟುಗಳ ತಳಕ್ಕೆ ಅಗಲವಾದ, ಉದ್ದವಾದ ಬಂಕೇ ಸರಿ. ನಿಮಗೆ ಕಾರ್ಪೆಟ್ ಬಿಟ್ಟರೆ ಬೇರೆ ಒಳ್ಳೆಯ ದಾರಿ ನಾನು ನೋಡಿಲ್ಲ. ಸ್ಟೇಪಲ್ ಮಾತ್ರ ಸ್ಟೇನ್‌ಲೆಸ್ ಹಾಕಿ, ಹಲಗೆಯ ಪಕ್ಕಕ್ಕೆ ಮತ್ತು ಕೆಳಗೆ ಹೊಡೆಯಿರಿ, ಬೋಟ್ ಕೂರುವ ಮೇಲ್ಭಾಗದಲ್ಲಿ ಒಂದೂ ಬೇಡ. ಅಲ್ಯೂಮಿನಿಯಂ, 14ರಿಂದ 18 ಅಡಿ, ನೇರ ಕೀಲ್ ಇರುವವರಿಗೆ ಈ ವಿಧಾನ ಆಗುತ್ತದೆ. ನೀವಿರುವ ಕಡೆಯ ರ‍್ಯಾಂಪ್ ಕಡಿದಾಗಿದ್ದು, ನೀರು ವರ್ಷ ಪೂರ್ತಿ ಆಳವಾಗಿದ್ದರೆ, ಎಳೆಯೋದು ಟ್ರಕ್ ಆಗಿದ್ದರೆ, ಇಷ್ಟೆಲ್ಲ ಕಷ್ಟ ಬೇಡ, ಬಂಕ್ ಸಾಕು.

ಮುಂದಿನ ಚಳಿಗಾಲಕ್ಕೆ ಮೂತಿಯ ಕಡೆಯ ಎರಡು ರೋಲರ್ ತೆಗೆದು ಅಲ್ಲೂ ಪ್ಲಾಸ್ಟಿಕ್ ಪಟ್ಟಿ ಹಾಕಿ ನೋಡಬೇಕು ಅಂತಿದ್ದೇನೆ. ಅಲ್ಲಿ ಭಾರ ಕಡಿಮೆ, ಎರಡು ಕಂಬಿ ಕಡಿಮೆಯಾದರೆ ತುಕ್ಕು ನೋಡುವ ಕೆಲಸವೂ ಕಡಿಮೆ. ಪಟ್ಟಿ ಈಗಾಗಲೇ ತರಿಸಿ ಗ್ಯಾರೇಜಿನಲ್ಲಿಟ್ಟಿದ್ದೇನೆ.